ಮೆಗಲೊಡಾನ್ ಜೊತೆ ಸಿಕ್ಕ ಸ್ಲಾತ್ ಹಲ್ಲು: ವಯಸ್ಸು ಹೇಳುವುದು ಯಾವುದು?

ಪ್ರಶ್ನೆ: ಮೇಡಂ, ನಾವು ಶಿವಮೊಗ್ಗದವರು, ಈಗ ಫ್ಲೋರಿಡಾದ ಟ್ಯಾಂಪಾದಲ್ಲಿದ್ದೇವೆ. ರಜೆಯಲ್ಲಿ ಮಗಳ ಜೊತೆ ಅರ್ಕೇಡಿಯಾ ಹತ್ತಿರ ಪೀಸ್ ನದಿಗೆ ಪಳೆಯುಳಿಕೆ ಹುಡುಕಲು ಹೋಗಿದ್ದೆವು. ಒಂದೇ ಜರಡಿಯಲ್ಲಿ ಮೆಗಲೊಡಾನ್ ಶಾರ್ಕ್‌ನ ಹಲ್ಲೂ ಸಿಕ್ಕಿತು, ಗೂಟದ ಆಕಾರದ ಇನ್ನೊಂದು ಕಂದು ಹಲ್ಲೂ ಸಿಕ್ಕಿತು. ಎರಡನೆಯದಕ್ಕೆ ಹೊಳಪಿಲ್ಲ, ಬುಡ ಟೊಳ್ಳು. ಫೋಟೊ ಕಳಿಸಿದ್ದೇನೆ. ಅಲ್ಲಿದ್ದ ಹವ್ಯಾಸಿಯೊಬ್ಬರು "ಇದು ನೆಲದ ಸ್ಲಾತ್, ಮೆಗಲೋನಿಕ್ಸ್. ಹಾಗಾಗಿ ಈ ಪದರ ಹಿಮಯುಗದ್ದು" ಎಂದರು. ಇನ್ನೊಬ್ಬರು "ಮೆಗಲೊಡಾನ್ ಜೊತೆ ಇತ್ತಲ್ಲ, ಹಾಗಾದರೆ 40 ಲಕ್ಷ ವರ್ಷ ಹಳೆಯದು" ಎಂದರು. ಊರಿನಲ್ಲಿರುವ ನಮ್ಮ ಮಾವನಿಗೆ ಫೋನ್ ಮಾಡಿ ಹೇಳಿದರೆ, "ಎಲುಬು ನೋಡಿ ಬಂಡೆ ವಯಸ್ಸು ಹೇಳ್ತಾರೆ, ಬಂಡೆ ನೋಡಿ ಎಲುಬಿನ ವಯಸ್ಸು ಹೇಳ್ತಾರೆ. ಎಲ್ಲಾ ಸುಮ್ನೆ" ಎಂದು ನಕ್ಕರು. ಮಗಳು ಇದನ್ನೇ ಶಾಲೆಯ ಪ್ರಾಜೆಕ್ಟ್ ಮಾಡಬೇಕೆಂದಿದ್ದಾಳೆ. ಕಾರ್ಬನ್ ಡೇಟಿಂಗ್ ಮಾಡಿಸಬಹುದಾ? ಹಲ್ಲು ಕತ್ತರಿಸಬೇಕಾಗುತ್ತದಾ?

ಉತ್ತರ: ನಿಮ್ಮ ಪತ್ರದಲ್ಲಿ ಎರಡು ಬೇರೆ ಬೇರೆ ಪ್ರಶ್ನೆಗಳಿವೆ. ಈ ಹಲ್ಲು ಎಷ್ಟು ಹಳೆಯದು ಎನ್ನುವುದು ಒಂದು. ಪಳೆಯುಳಿಕೆ ನೋಡಿ ಪದರದ ವಯಸ್ಸು ಹೇಳುವುದನ್ನು ನಂಬಬಹುದಾ ಎನ್ನುವುದು ಇನ್ನೊಂದು. ಎರಡನೆಯದಕ್ಕೆ ಗಟ್ಟಿ ಉತ್ತರವಿದೆ. ಮೊದಲನೆಯದಕ್ಕೆ ನನ್ನ ಉತ್ತರ ಕೇಳಿ ಮಗಳಿಗೆ ಸ್ವಲ್ಪ ಬೇಜಾರಾಗಬಹುದು.

ಫೋಟೊ ನೋಡಿದೆ. ಅದು ಸ್ಲಾತ್ ಹಲ್ಲೇ, ಅದರಲ್ಲಿ ಅನುಮಾನವಿಲ್ಲ. ಸ್ಲಾತ್‌ಗಳ ಹಲ್ಲಿಗೆ ಎನಾಮಲ್, ಅಂದರೆ ಮೇಲಿನ ಗಟ್ಟಿ ಹೊಳೆಯುವ ಹೊದಿಕೆ, ಇರುವುದಿಲ್ಲ. ಹೊಳಪಿಲ್ಲದ್ದು ಅದಕ್ಕೇ. ಆ ಹಲ್ಲು ಜೀವನಪೂರ್ತಿ ಬೆಳೆಯುತ್ತಲೇ ಇರುತ್ತದೆ, ಆದ್ದರಿಂದ ಬುಡ ಮುಚ್ಚುವುದಿಲ್ಲ, ಟೊಳ್ಳಾಗಿಯೇ ಉಳಿಯುತ್ತದೆ. ಆಕಾರ ನೋಡಿದರೆ ಮೆಗಲೋನಿಕ್ಸ್ ಎಂದಿದ್ದೂ ಸರಿಯಿರಬಹುದು. ಇವತ್ತು ಮರಕ್ಕೆ ಜೋತುಬಿದ್ದಿರುವ ಸಣ್ಣ ಸ್ಲಾತ್‌ಗಳ ಸಂಬಂಧಿ ಇದು, ಆದರೆ ನೆಲದ ಮೇಲೆ ನಡೆಯುತ್ತಿತ್ತು, ಉದ್ದ ಸುಮಾರು 3 ಮೀಟರ್. ಅದರ ದೊಡ್ಡ ನೆಂಟ ಮೆಗಥೀರಿಯಂ ಆನೆಯಷ್ಟು ತೂಗುತ್ತಿತ್ತು. ಅಂದಹಾಗೆ, 1797ರಲ್ಲಿ ಮೆಗಲೋನಿಕ್ಸ್ ಬಗ್ಗೆ ಮೊದಲು ಬರೆದವರು ಥಾಮಸ್ ಜೆಫರ್ಸನ್, ಆಮೇಲೆ ಅಮೆರಿಕದ ಅಧ್ಯಕ್ಷರಾದವರು. ಈಗಿನ ವೆಸ್ಟ್ ವರ್ಜೀನಿಯಾದ ಗುಹೆಯೊಂದರಿಂದ ಬಂದ ಉಗುರುಗಳನ್ನು ನೋಡಿ ಅವರು ಮೊದಲು ಅಂದುಕೊಂಡಿದ್ದು ಇದು ದೈತ್ಯ ಸಿಂಹ ಅಂತ. ಹಾಗಾಗಿ ಹಲ್ಲು ಗುರುತಿಸಿದ ಆ ಹವ್ಯಾಸಿಯನ್ನು ಮೆಚ್ಚಲೇಬೇಕು. ಅವರು ಎಡವಿದ್ದು "ಹಾಗಾಗಿ ಈ ಪದರ" ಎಂದಾಗ. ಅಲ್ಲಿಗೆ ಆಮೇಲೆ ಬರುತ್ತೇನೆ.

ಮೊದಲು ನಿಮ್ಮ ಮಾವನ ಮಾತು. ಅದನ್ನು ತಮಾಷೆ ಎಂದು ತಳ್ಳಿಹಾಕಬೇಡಿ, ಭೂವಿಜ್ಞಾನ ಓದುವ ಮಕ್ಕಳೂ ಮೊದಲ ವರ್ಷ ಇದನ್ನೇ ಕೇಳುತ್ತಾರೆ. ಅವರಿಗೆ ನಾನು ಶಾಸನಗಳ ಉದಾಹರಣೆ ಕೊಡುತ್ತೇನೆ. ಹಲ್ಮಿಡಿ ಶಾಸನದಲ್ಲಿ ಇಸವಿ ಬರೆದಿಲ್ಲ. ಆದರೂ ಅದು ಸುಮಾರು ಕ್ರಿ.ಶ. 450ರದ್ದು ಎಂದು ಹೇಳುತ್ತಾರೆ, ಮುಖ್ಯವಾಗಿ ಲಿಪಿ ನೋಡಿ. ಲಿಪಿ ಯಾವ ಕಾಲದ್ದು ಅಂತ ಹೇಗೆ ಗೊತ್ತು? ಬಾದಾಮಿಯಲ್ಲಿ ಮಂಗಳೇಶನ ಗುಹೆಯ ಶಾಸನದಂಥವು ಇವೆಯಲ್ಲ, ಅದರಲ್ಲಿ ಶಕ ವರ್ಷ 500 ಎಂದು ಕೆತ್ತಿದೆ, ಅಂದರೆ ಕ್ರಿ.ಶ. 578. ಕಾಲ ಬರೆದಿರುವ ಇಂಥ ಶಾಸನಗಳಿಂದ ಅಕ್ಷರದ ರೂಪ ಯಾವಾಗ ಹೇಗಿತ್ತು ಎಂದು ಕಲಿತು, ಕಾಲ ಬರೆಯದ ಶಾಸನಕ್ಕೆ ಅದನ್ನು ಹೊಂದಿಸುತ್ತಾರೆ. ಇಲ್ಲಿ ಸುತ್ತುವಾದ ಇಲ್ಲ. ಒಂದು ಕಡೆ ಕಲಿತದ್ದನ್ನು ಇನ್ನೊಂದು ಕಡೆ ಬಳಸಿದ್ದಾರೆ ಅಷ್ಟೇ.

ಬಂಡೆಯಲ್ಲಿ ಶಕ ವರ್ಷದ ಕೆಲಸ ಮಾಡುವುದು ಜ್ವಾಲಾಮುಖಿ ಬೂದಿ. ಪದರಗಳ ನಡುವೆ ಬೂದಿಯ ತೆಳು ಪಟ್ಟಿ ಇದ್ದರೆ ಅದರ ಹರಳುಗಳಲ್ಲಿ ಪೊಟ್ಯಾಸಿಯಂ ಎಷ್ಟು ಆರ್ಗಾನ್ ಆಗಿದೆ, ಯುರೇನಿಯಂ ಎಷ್ಟು ಸೀಸವಾಗಿದೆ ಎಂದು ಅಳೆಯಬಹುದು. ಇದರಲ್ಲಿ ಎಲುಬಿನ ಪಾತ್ರವೇ ಇಲ್ಲ. ಭೂಮಿಯ ಕಾಂತಕ್ಷೇತ್ರ ತಲೆಕೆಳಗಾದ ಗುರುತು ಇನ್ನೊಂದು ಸಾಕ್ಷಿ. ಕೊನೆಯ ದೊಡ್ಡ ಬದಲಾವಣೆ ಆಗಿದ್ದು ಸುಮಾರು 7.8 ಲಕ್ಷ ವರ್ಷ ಹಿಂದೆ, ಅದು ಜಗತ್ತಿನ ಎಲ್ಲ ಕಡೆಯ ಕೆಸರಿನಲ್ಲೂ ದಾಖಲಾಗಿದೆ. ಸಮುದ್ರದ ಚಿಪ್ಪಿನಲ್ಲಿರುವ ಸ್ಟ್ರಾಂಷಿಯಂ ಎಂಬ ಧಾತು ಮೂರನೆಯದು. ಸಮುದ್ರದ ನೀರಿನಲ್ಲಿ ಅದರ ಬೇರೆ ಬೇರೆ ಬಗೆಗಳ ಅನುಪಾತ ಕಾಲಕಾಲಕ್ಕೆ ಬದಲಾಗಿದೆ, ಚಿಪ್ಪು ತನ್ನ ಕಾಲದ ಅನುಪಾತವನ್ನು ಹಿಡಿದಿಟ್ಟುಕೊಳ್ಳುತ್ತದೆ. ನಿಮ್ಮ ಮನೆಗೆ ಹತ್ತಿರವೇ ಇರುವ ಲೀಸಿ ಶೆಲ್ ಪಿಟ್‌ನಲ್ಲಿ 1980ರ ದಶಕದಲ್ಲಿ ಸಾವಿರಾರು ಎಲುಬು ಸಿಕ್ಕವು, ಸ್ಲಾತ್‌ಗಳದ್ದೂ ಸೇರಿ. ಅವು ಚಿಪ್ಪುಗಳ ನಡುವೆ ಇದ್ದವು. ಚಿಪ್ಪಿನ ಸ್ಟ್ರಾಂಷಿಯಂ, ಕಾಂತದ ಗುರುತು, ಪ್ರಾಣಿಗಳ ಪಟ್ಟಿ, ಮೂರನ್ನೂ ಒಟ್ಟಿಗಿಟ್ಟು ಕಾಲ ನಿಗದಿ ಮಾಡಿದರು. ಹೀಗೆ ಬೇರೆ ಬೇರೆ ದಾರಿಯಲ್ಲಿ ಹೋದವರು ಒಂದೇ ಕಡೆ ಬಂದು ಸೇರಿದರೆ ನಂಬಬಹುದು, ಅಲ್ವಾ?

ಮಾವ ಹೇಳಿದಂಥ ತಪ್ಪು ನಿಜವಾಗಿ ಆಗಿದ್ದೂ ಇದೆ, ಅದನ್ನು ಮುಚ್ಚಿಡಬಾರದು. ಅರ್ಜೆಂಟೀನಾದ ಫ್ಲೊರೆಂಟಿನೊ ಅಮೆಘಿನೊ 19ನೇ ಶತಮಾನದ ಕೊನೆಯಲ್ಲಿ ಪಟಗೋನಿಯಾದ ಪ್ರಾಣಿಗಳನ್ನು ವಿವರಿಸಿದ ದೊಡ್ಡ ಹೆಸರು. ಸ್ಲಾತ್‌ಗಳಿಗೇ ಎಷ್ಟೋ ಹೆಸರು ಕೊಟ್ಟವರು. ಆದರೆ ಪದರಗಳ ಕಾಲವನ್ನು ಅವರು ತುಂಬಾ ಹಿಂದಕ್ಕೆ ತಳ್ಳಿದರು. ಸ್ತನಿಗಳೆಲ್ಲ, ಕೊನೆಗೆ ಮನುಷ್ಯ ಕೂಡ, ಹುಟ್ಟಿದ್ದು ಅರ್ಜೆಂಟೀನಾದಲ್ಲೇ ಎನ್ನುವ ನಂಬಿಕೆಗೆ ಅದು ಹೊಂದುತ್ತಿತ್ತು. ಹಪಲಾಪ್ಸ್ ಎಂಬ ಸಣ್ಣ ಸ್ಲಾತ್ ಸಿಗುವ ಸಾಂಟಾ ಕ್ರೂಸ್ ಪದರಗಳನ್ನು ಅವರು ಇಯೊಸೀನ್ ಕಾಲದವು ಎಂದರು. ಇಯೊಸೀನ್ ಮುಗಿದದ್ದೇ 3.4 ಕೋಟಿ ವರ್ಷ ಹಿಂದೆ. ಆಮೇಲೆ ಅಲ್ಲಿನ ಬೂದಿಯನ್ನು ಅಳೆದಾಗ ಬಂದ ಉತ್ತರ ಸುಮಾರು 1.8ರಿಂದ 1.6 ಕೋಟಿ ವರ್ಷ. ಅಂತರ ಸಣ್ಣದಲ್ಲ. ಬೂದಿ ಇಲ್ಲದೆ ಬರೀ ಎಲುಬನ್ನು ನಂಬಿದರೆ ಎಷ್ಟು ದೂರ ಹೋಗಬಹುದು ಎಂಬುದಕ್ಕೆ ಇದು ಸಾಕ್ಷಿ. ಆ ತಪ್ಪನ್ನು ಹಿಡಿದದ್ದೂ ಇದೇ ವಿಜ್ಞಾನ.

ಇನ್ನೊಂದು ಉದಾಹರಣೆ ನನಗೆ ತುಂಬಾ ಇಷ್ಟ. ಪೆರುವಿನ ಕರಾವಳಿಯ ಪಿಸ್ಕೋ ಪದರಗಳಲ್ಲಿ ಥಲಸೋಕ್ನಸ್ ಎಂಬ ಸ್ಲಾತ್ ಸಿಗುತ್ತದೆ. ಇದು ಸಮುದ್ರಕ್ಕಿಳಿದು ಸಸ್ಯ ಮೇಯುತ್ತಿತ್ತು! ಕೆಳಗಿನ ಪದರದಿಂದ ಮೇಲಕ್ಕೆ ಹೋದಂತೆ ಐದು ಜಾತಿಗಳು ಒಂದಾದ ಮೇಲೊಂದು ಬರುತ್ತವೆ. ಮೇಲಿನವುಗಳ ಎಲುಬು ಹೆಚ್ಚು ದಟ್ಟ, ಹೆಚ್ಚು ಭಾರ. ನೀರಿನ ತಳದಲ್ಲಿ ನಿಲ್ಲಲು ಆ ಭಾರ ಬೇಕು. 2012ರಲ್ಲಿ ಆ ಪದರಗಳ ಕಾಲವನ್ನು ಬೂದಿಯಲ್ಲಿನ ಜಿರ್ಕಾನ್ ಹರಳು ಮತ್ತು ಸ್ಟ್ರಾಂಷಿಯಂ ಹಿಡಿದು ಮತ್ತೆ ಅಳೆದರು. ಕೆಲವು ಪದರ ಹಿಂದೆ ಎಣಿಸಿದ್ದಕ್ಕಿಂತ ಹತ್ತಿಪ್ಪತ್ತು ಲಕ್ಷ ವರ್ಷ ಹಳೆಯವು ಎಂದು ಗೊತ್ತಾಯಿತು. ಸಂಖ್ಯೆ ಬದಲಾಯಿತು, ಆದರೆ ಯಾವ ಜಾತಿಯ ಮೇಲೆ ಯಾವುದು ಎಂಬ ಕ್ರಮ ಬದಲಾಗಲಿಲ್ಲ. ಕ್ರಮ ಬರುವುದು ಪದರಗಳು ಒಂದರ ಮೇಲೊಂದು ಕೂತಿರುವುದರಿಂದ. ವರ್ಷದ ಲೆಕ್ಕ ಬರುವುದು ಬೂದಿ, ಚಿಪ್ಪುಗಳಿಂದ. ಎರಡೂ ಬೇರೆ ಕೆಲಸ. ಮಾವನಿಗೆ ಈ ಒಂದು ಉದಾಹರಣೆ ಹೇಳಿದರೂ ಸಾಕು.

ಸರಿ, ಕಾಲ ಹೇಳಲು ಸ್ಲಾತ್ ಯಾಕೆ ಇಷ್ಟು ಬಳಕೆಗೆ ಬಂತು? ಅವು ವಲಸೆ ಬಂದ ಪ್ರಾಣಿಗಳು, ಅದಕ್ಕೆ. ಸ್ಲಾತ್‌ಗಳ ತವರು ದಕ್ಷಿಣ ಅಮೆರಿಕ. ಕೋಟ್ಯಂತರ ವರ್ಷ ಆ ಖಂಡ ದ್ವೀಪದಂತೆ ಒಂಟಿಯಾಗಿತ್ತು. ಉತ್ತರ ಅಮೆರಿಕದ ಹಳೆಯ ಪದರಗಳಲ್ಲಿ ಒಂದು ಸ್ಲಾತ್ ಕೂಡ ಇಲ್ಲ. ಸುಮಾರು 90 ಲಕ್ಷ ವರ್ಷ ಹಿಂದೆ ಇದ್ದಕ್ಕಿದ್ದಂತೆ ಎರಡು ಕಾಣಿಸುತ್ತವೆ: ಪ್ಲಿಯೊಮೆಟನಾಸ್ಟಿಸ್ ಮತ್ತು ಥಿನೊಬಡಿಸ್ಟಿಸ್. ಎರಡರ ಪ್ರಸಿದ್ಧ ಪಳೆಯುಳಿಕೆಗಳೂ ನಿಮ್ಮ ಫ್ಲೋರಿಡಾದವೇ. ಆಗ ಪನಾಮಾ ಭೂಸೇತುವೆ ಇನ್ನೂ ಆಗಿರಲಿಲ್ಲ, ನೀರು ದಾಟಿಯೇ ಬಂದಿರಬೇಕು. ಉತ್ತರ ಅಮೆರಿಕದ ಭೂವಿಜ್ಞಾನಿಗಳು ಹೆಂಫಿಲಿಯನ್ ಎಂಬ ಕಾಲಘಟ್ಟ ಶುರುವಾದದ್ದನ್ನು ಗುರುತಿಸುವುದು ಈ ಸ್ಲಾತ್‌ಗಳ ಆಗಮನದಿಂದ. ಆಮೇಲೆ, ಸುಮಾರು 30 ಲಕ್ಷ ವರ್ಷ ಹಿಂದೆ ಸೇತುವೆ ಪೂರ್ತಿಯಾದ ಮೇಲೆ, ಎರೆಮೊಥೀರಿಯಂನಂಥ ದೈತ್ಯರು ನಡೆದೇ ಬಂದರು. ಅಂದರೆ ಉತ್ತರ ಅಮೆರಿಕದ ಪದರವೊಂದರಲ್ಲಿ ಸ್ಲಾತ್ ಎಲುಬು ಅದರ ಜಾಗದಲ್ಲೇ ಇದ್ದರೆ, ಆ ಪದರ 90 ಲಕ್ಷ ವರ್ಷಕ್ಕಿಂತ ಹಳೆಯದಲ್ಲ ಎಂದು ಧೈರ್ಯವಾಗಿ ಹೇಳಬಹುದು. "ಇದಕ್ಕಿಂತ ಹಳೆಯದಲ್ಲ" ಎನ್ನುವ ಸಾಕ್ಷಿ ಸ್ಲಾತ್ ಚೆನ್ನಾಗಿ ಕೊಡುತ್ತದೆ. ಭಾರತಕ್ಕೆ ಸ್ಲಾತ್‌ಗಳು ಯಾವತ್ತೂ ಬರಲಿಲ್ಲ. ನಮ್ಮ ಶಿವಾಲಿಕ್ ಬೆಟ್ಟಗಳಲ್ಲಿ ಇದೇ ಕೆಲಸವನ್ನು ವಲಸೆ ಬಂದ ಕುದುರೆಗಳು ಮಾಡುತ್ತವೆ, ಮೊದಲು ಮೂರು ಬೆರಳಿನ ಹಿಪ್ಪಾರಿಯನ್, ಬಹಳ ಕಾಲದ ನಂತರ ಇಂದಿನ ಕುದುರೆಯ ಕುಲ.

"ಇದಕ್ಕಿಂತ ಹೊಸದಲ್ಲ" ಎಂದು ಹೇಳುವಾಗ ಜಾಸ್ತಿ ಎಚ್ಚರ ಬೇಕು. ಎರಡು ಅಮೆರಿಕ ಖಂಡಗಳಲ್ಲೂ ನೆಲದ ಸ್ಲಾತ್‌ಗಳು ಹೆಚ್ಚುಕಡಿಮೆ ಹಿಮಯುಗದ ಕೊನೆಗೆ, 10ರಿಂದ 13 ಸಾವಿರ ವರ್ಷ ಹಿಂದೆ ಹೋದವು. ಗ್ರ್ಯಾಂಡ್ ಕ್ಯಾನ್ಯನ್‌ನ ರ್‍ಯಾಂಪಾರ್ಟ್ ಗುಹೆಯಲ್ಲಿ ಅವುಗಳ ಒಣ ಸಗಣಿ ರಾಶಿರಾಶಿ ಇತ್ತು, ಅದನ್ನು ಕಾರ್ಬನ್ ಡೇಟಿಂಗ್ ಮಾಡಿ ಕೊನೆಯ ದಿನಗಳನ್ನು ಲೆಕ್ಕ ಹಾಕಿದರು. (1976ರಲ್ಲಿ ಬೆಂಕಿ ಬಿದ್ದು ಅದರ ಬಹುಪಾಲು ಸುಟ್ಟುಹೋಯಿತು. ಇವತ್ತಿಗೂ ಪಳೆಯುಳಿಕೆ ಅಧ್ಯಯನ ಮಾಡುವ ನಮ್ಮಂಥವರು ಅದನ್ನು ನೆನೆದು ಕೊರಗುತ್ತಾರೆ.) ಆದರೆ ಕ್ಯೂಬಾ ಮತ್ತು ಹಿಸ್ಪಾನಿಯೋಲಾ ದ್ವೀಪಗಳಲ್ಲಿ ಸ್ಲಾತ್‌ಗಳು ಸುಮಾರು 5,000 ವರ್ಷ ಹಿಂದಿನವರೆಗೂ ಇದ್ದವು. ಫ್ಲೋರಿಡಾದ ಲೆಕ್ಕ ಕ್ಯೂಬಾಗೆ ಹಾಕಿದರೆ ತಪ್ಪಾಗುತ್ತದೆ, ಸಮುದ್ರ ದಾಟಿದರೆ ಪಕ್ಕದಲ್ಲೇ ಇದ್ದರೂ.

ಮಧ್ಯದ ಕಾಲವನ್ನು ಹೇಳಲು ಜಾತಿ ಗೊತ್ತಾಗಬೇಕು. ಫ್ಲೋರಿಡಾದ ಎರೆಮೊಥೀರಿಯಂ ಒಳ್ಳೆಯ ಸೂಚಕ. ಹಳೆಯ ಜಾತಿ ಇಯೊಮೈಗ್ರನ್ಸ್‌ನ ಮುಂಗೈಯಲ್ಲಿ ಐದು ಬೆರಳು, ನಂತರದ ಲಾರಿಲಾರ್ಡಿಗೆ ಮೂರು. ಮುಂಗೈ ಪೂರ್ತಿ ಸಿಕ್ಕರೆ ವಾದವೇ ಇಲ್ಲ. ಮೆಗಲೋನಿಕ್ಸ್ ಹಾಗಲ್ಲ. ಕರ್ವಿಡೆನ್ಸ್, ಲೆಪ್ಟೊಸ್ಟೋಮಸ್, ವೀಟ್ಲಿಯೈ, ಜೆಫರ್ಸೋನಿಯೈ ಎಂದು ನಾಲ್ಕು ಹೆಸರು ಸಾಲಾಗಿ ಬರುತ್ತವೆ. ಒಟ್ಟಾರೆ ಹಳೆಯದು ಸಣ್ಣದು, ಹೊಸದು ದೊಡ್ಡದು. ಬದಲಾವಣೆ ನಿಧಾನವಾಗಿ ಆಗಿದೆ, ಗೆರೆ ಎಳೆದವರು ನಾವು. ಅಂಥ ಸಾಲಿನಲ್ಲಿ ಒಂದೇ ಒಂದು ಹಲ್ಲು ಹಿಡಿದು ಇದು ವೀಟ್ಲಿಯೈ, ಇದು ಜೆಫರ್ಸೋನಿಯೈ ಎಂದು ಖಚಿತವಾಗಿ ಹೇಳುವವರ ಮಾತನ್ನು ನಾನು ಅಷ್ಟಾಗಿ ನಂಬುವುದಿಲ್ಲ. ಹಳೆಯ ಜಾತಿಯ ದೊಡ್ಡ ಗಂಡೂ ಇರಬಹುದು, ಹೊಸ ಜಾತಿಯ ಮರಿಯೂ ಇರಬಹುದು. ಅರ್ಜೆಂಟೀನಾದ ಪಂಪಾಸ್ ಬಯಲಿನಲ್ಲಿ ಬೊನೇರಿಯನ್ ಎಂಬ ಕಾಲಘಟ್ಟಕ್ಕೆ ಮೆಗಥೀರಿಯಂ ಅಮೆರಿಕಾನಮ್ ಜಾತಿಯನ್ನೇ ಗುರುತಾಗಿ ಇಟ್ಟುಕೊಂಡಿದ್ದಾರೆ. ಅಂಥ ಕಡೆಯೂ ಒಂದು ಪ್ರಾಣಿಯನ್ನು ನೆಚ್ಚಿ ಕೂರುವುದಿಲ್ಲ, ಜೊತೆಗೆ ಏನೇನು ಸಿಕ್ಕಿದೆ, ಕಾಂತದ ಗುರುತು ಏನು ಹೇಳುತ್ತದೆ ಎಂದು ನೋಡುತ್ತಾರೆ.

ಈಗ ನಿಮ್ಮ ಜರಡಿಗೆ ಬರೋಣ. ನಾನು ಇಷ್ಟು ಹೊತ್ತು "ಪದರದಲ್ಲಿ ಇದ್ದರೆ", "ಅದರ ಜಾಗದಲ್ಲೇ ಇದ್ದರೆ" ಎನ್ನುತ್ತಿದ್ದೆನಲ್ಲ, ನಿಮ್ಮ ಹಲ್ಲಿನ ಸಮಸ್ಯೆ ಅಲ್ಲೇ ಇದೆ. ಅದು ಯಾವ ಪದರದಲ್ಲೂ ಇರಲಿಲ್ಲ. ನದಿಯ ಜಲ್ಲಿಯಲ್ಲಿತ್ತು. ಪೀಸ್ ನದಿ ಕೋಟಿ ವರ್ಷ ಹಳೆಯ ಸಮುದ್ರದ ಕೆಸರನ್ನೂ ಕೊರೆಯುತ್ತದೆ, ಅದರ ಮೇಲಿನ ಹಿಮಯುಗದ ಮರಳನ್ನೂ ಕೊರೆಯುತ್ತದೆ. ಎರಡರಲ್ಲಿದ್ದದ್ದನ್ನೂ ತಂದು ಒಂದೇ ಗುಂಡಿಯಲ್ಲಿ ಸುರಿಯುತ್ತದೆ. ಮೆಗಲೊಡಾನ್ ಅಳಿದು ಸುಮಾರು 36 ಲಕ್ಷ ವರ್ಷವಾಯಿತು. ಅದರ ಹಲ್ಲು ಕಲ್ಲಿನಷ್ಟು ಗಟ್ಟಿ, ಒಂದು ಪದರದಿಂದ ಕಳಚಿ ಇನ್ನೊಂದಕ್ಕೆ ಸೇರಿದರೂ ಸವೆಯುವುದಿಲ್ಲ. ಆದ್ದರಿಂದ "ಮೆಗಲೊಡಾನ್ ಜೊತೆ ಇತ್ತು" ಎನ್ನುವುದರಿಂದ ಸ್ಲಾತ್ ಹಲ್ಲಿನ ವಯಸ್ಸು ಒಂದಿಷ್ಟೂ ಗೊತ್ತಾಗುವುದಿಲ್ಲ. ಅದೇ ಜರಡಿಯಲ್ಲಿ ಸೋಡಾ ಬಾಟಲಿಯ ಮುಚ್ಚಳ ಸಿಕ್ಕಿರಲಿಲ್ಲವೇ? ಸಾಮಾನ್ಯವಾಗಿ ಸಿಗುತ್ತದೆ.

ಹಿಮಯುಗ ಎಂದವರ ಊಹೆ ಹೆಚ್ಚು ಸಂಭವನೀಯ, ನಾನೂ ಅದನ್ನೇ ಊಹಿಸುತ್ತೇನೆ. ಆದರೆ ಅದು ಊಹೆ. ಅದೇ ಪ್ರದೇಶದ ಬೋನ್ ವ್ಯಾಲಿ ಫಾಸ್ಫೇಟ್ ಗಣಿಗಳಲ್ಲಿ ಸುಮಾರು 50 ಲಕ್ಷ ವರ್ಷ ಹಿಂದಿನ ಮೆಗಲೋನಿಕ್ಸ್ ಕೂಡ ಸಿಕ್ಕಿದೆ.

ಒಟ್ಟಿಗೆ ಸಿಕ್ಕಿದ್ದು ಒಂದೇ ಕಾಲದ್ದು ಎಂಬ ನಂಬಿಕೆ ಹವ್ಯಾಸಿಗಳದ್ದು ಮಾತ್ರ ಅಲ್ಲ. ಮಿಸಿಸಿಪ್ಪಿಯ ನ್ಯಾಚೆಜ್‌ನಲ್ಲಿ 1840ರ ದಶಕದಲ್ಲಿ ಕೊರಕಲೊಂದರಲ್ಲಿ ನೆಲದ ಸ್ಲಾತ್ ಎಲುಬುಗಳ ಜೊತೆ ಮನುಷ್ಯನ ಸೊಂಟದ ಮೂಳೆ ಸಿಕ್ಕಿತು. ಅಂದರೆ ಮನುಷ್ಯನೂ ಸ್ಲಾತೂ ಒಟ್ಟಿಗಿದ್ದರು ಅಂತಾಯಿತು, ಆ ಕಾಲಕ್ಕೆ ಅದು ಭಾರಿ ಸುದ್ದಿ. ಬ್ರಿಟನ್ನಿನ ಹೆಸರಾಂತ ಭೂವಿಜ್ಞಾನಿ ಚಾರ್ಲ್ಸ್ ಲಯೆಲ್ ಖುದ್ದಾಗಿ ಆ ಜಾಗಕ್ಕೆ ಹೋಗಿ ನೋಡಿದರು. ಮೇಲಿನ ದಂಡೆಯಲ್ಲಿದ್ದ ಯಾವುದೋ ಸಮಾಧಿಯಿಂದ ಮೂಳೆ ಕೆಳಗೆ ಬಿದ್ದಿರಬಹುದು ಎಂದು ಅನುಮಾನಪಟ್ಟರು. ಹೂತ ಮೂಳೆ ನೆಲದ ನೀರಿನಿಂದ ಫ್ಲೋರಿನ್ ಹೀರಿಕೊಳ್ಳುತ್ತಾ ಹೋಗುತ್ತದೆ, ಹಾಗಾಗಿ 1895ರಲ್ಲಿ ಎರಡೂ ಮೂಳೆಗಳ ಫ್ಲೋರಿನ್ ಅಳೆದರು. ಹೊಂದಿಕೆಯಾಯಿತು, ಒಂದೇ ಕಾಲದ್ದು ಎಂದರು. ಸುಮಾರು ನೂರು ವರ್ಷದ ನಂತರ ಕಾರ್ಬನ್ ಡೇಟಿಂಗ್ ಮಾಡಿದಾಗ ಮನುಷ್ಯನ ಮೂಳೆಗೆ ಸುಮಾರು 5,600 ವರ್ಷ ಬಂತು, ಸ್ಲಾತ್‌ಗೆ ಸುಮಾರು 17,800. ಲಯೆಲ್ ಅನುಮಾನ ಸರಿಯಿತ್ತು.

ಹಾಗಾದರೆ ನೀವೂ ಕಾರ್ಬನ್ ಡೇಟಿಂಗ್ ಮಾಡಿಸಬಹುದಲ್ಲ ಎನ್ನುತ್ತೀರಿ. ಮಾಡಿಸಬಹುದು, ನಾನಾದರೆ ಮಾಡಿಸುವುದಿಲ್ಲ. ಕಾರ್ಬನ್ ವಿಧಾನ ಕೆಲಸ ಮಾಡುವುದು ಸುಮಾರು 50,000 ವರ್ಷದೊಳಗೆ ಮಾತ್ರ. ಅದಕ್ಕಿಂತ ಹಳೆಯದಾದರೆ ಲ್ಯಾಬ್‌ನಿಂದ ಬರುವ ಉತ್ತರ "50,000ಕ್ಕಿಂತ ಹೆಚ್ಚು" ಅಷ್ಟೇ, ಅದು 60 ಸಾವಿರವೂ ಇರಬಹುದು, 50 ಲಕ್ಷವೂ ಇರಬಹುದು. ಅದಕ್ಕಿಂತ ದೊಡ್ಡ ತೊಡಕು ಕೊಲಾಜೆನ್. ಲ್ಯಾಬ್‌ನವರಿಗೆ ಬೇಕಾದದ್ದು ಹಲ್ಲು, ಮೂಳೆಯಲ್ಲಿ ಉಳಿದಿರುವ ಆ ಪ್ರೋಟೀನ್. ಫ್ಲೋರಿಡಾದ ಸೆಕೆಯಲ್ಲಿ, ನೀರಿನಲ್ಲಿ ಅದು ಬೇಗ ಕರಗಿಹೋಗುತ್ತದೆ. ನಿಮ್ಮ ಹಲ್ಲಿನಂತೆ ಗಾಢ ಕಂದಾಗಿ ಖನಿಜ ತುಂಬಿಕೊಂಡಿದ್ದರಲ್ಲಿ ಅದು ಉಳಿದಿರುವ ಸಾಧ್ಯತೆ ಕಡಿಮೆ. ಹೌದು, ಹಲ್ಲಿನ ಒಂದು ತುಂಡು ಕೊಯ್ಯಬೇಕು, ಅದು ವಾಪಸ್ ಬರುವುದಿಲ್ಲ. ಖರ್ಚು ನೂರಾರು ಡಾಲರ್. ಮಾಡಿಸಲೇಬೇಕು ಎಂದಿದ್ದರೆ ಮೊದಲು ಚಿಟಿಕೆಯಷ್ಟು ಪುಡಿಯಲ್ಲಿ ನೈಟ್ರೋಜನ್ ಪರೀಕ್ಷೆ ಮಾಡಿಸಿ. ನೈಟ್ರೋಜನ್ ಇಲ್ಲ ಎಂದರೆ ಕೊಲಾಜೆನ್ ಇಲ್ಲ, ಅಲ್ಲಿಗೇ ನಿಲ್ಲಿಸಬಹುದು. ಮತ್ತೆ, ದಯವಿಟ್ಟು ಬಿರುಕಿಗೆ ಅಂಟು ಹಚ್ಚಬೇಡಿ. ಅಂಟಿನಲ್ಲೂ ಕಾರ್ಬನ್ ಇರುತ್ತದೆ, ಲೆಕ್ಕವೇ ಕೆಡುತ್ತದೆ.

ಹಲ್ಲಿನ ಮೇಲೆ ಮಾಡುವ ಇಎಸ್ಆರ್ (ಎಲೆಕ್ಟ್ರಾನ್ ಸ್ಪಿನ್ ರೆಸೊನೆನ್ಸ್) ಎಂಬ ಇನ್ನೊಂದು ವಿಧಾನ ಲಕ್ಷಾಂತರ ವರ್ಷಕ್ಕೂ ನಡೆಯುತ್ತದೆ. ಆದರೆ ಅದಕ್ಕೆ ಎನಾಮಲ್ ಬೇಕು. ಸ್ಲಾತ್‌ಗೆ ಅದಿಲ್ಲ. ಹಾಗಾಗಿ ಸ್ಲಾತ್ ಸಿಕ್ಕ ಜಾಗದ ಕಾಲ ಬೇಕಾದರೆ ನಾವು ಪಕ್ಕದಲ್ಲಿ ಕುದುರೆ ಹಲ್ಲು ಸಿಗುತ್ತದಾ ಎಂದು ನೋಡುತ್ತೇವೆ. ನದಿಯ ಜಲ್ಲಿಯಲ್ಲಿ ಪಕ್ಕದಲ್ಲಿ ಎನ್ನುವುದಕ್ಕೇ ಅರ್ಥವಿಲ್ಲ.

ಪ್ರಯೋಜನವಾಗಬಹುದಾದ ಪರೀಕ್ಷೆ ಅಪರೂಪದ ಭೂಧಾತುಗಳದ್ದು. ಹೂತ ಮೂಳೆ ಸುತ್ತಲಿನ ನೀರಿನಿಂದ ಈ ಧಾತುಗಳನ್ನು ಹೀರಿಕೊಳ್ಳುತ್ತದೆ, ಜಾಗಕ್ಕೆ ತಕ್ಕ ಹಾಗೆ ಅವುಗಳ ಪ್ರಮಾಣ ಬದಲಾಗುತ್ತದೆ. ಫ್ಲೋರಿಡಾದ ವೀರೋ ಬೀಚ್‌ನಲ್ಲಿ ಮನುಷ್ಯನ ಮೂಳೆಗಳೂ ಹಿಮಯುಗದ ಪ್ರಾಣಿಗಳ ಮೂಳೆಗಳೂ ಒಂದೇ ಕಾಲದವೇ ಎಂಬ ಜಗಳ 1916ರ ಸುಮಾರಿಗೆ ಶುರುವಾಗಿತ್ತು. 2012ರಲ್ಲಿ ಪ್ರಕಟವಾದ ಅಧ್ಯಯನ ಈ ಧಾತುಗಳನ್ನು ಹೋಲಿಸಿ, ಒಂದೇ ಕಾಲದವು ಎಂದಿತು. ನ್ಯಾಚೆಜ್‌ಗೆ ತದ್ವಿರುದ್ಧ ಉತ್ತರ! ಈ ಪರೀಕ್ಷೆ ವರ್ಷ ಹೇಳುವುದಿಲ್ಲ, ಎರಡು ಮೂಳೆ ಒಂದೇ ಕಡೆ ಹೂತಿದ್ದವೇ ಎಂದು ಹೇಳುತ್ತದೆ. ಒಂದು ಒಂಟಿ ಹಲ್ಲಿಗೆ ಯಾರೂ ಇದನ್ನು ಮಾಡಿಕೊಡಲಿಕ್ಕಿಲ್ಲ.

ನಾನು ಹೇಳುವುದು ಇಷ್ಟು. ಹಲ್ಲನ್ನು ಬರೀ ನೀರಿನಲ್ಲಿ ತೊಳೆದು ನೆರಳಲ್ಲಿ ನಿಧಾನ ಒಣಗಿಸಿ. ಬಿಸಿಲಿಗಿಟ್ಟರೆ ಸೀಳುತ್ತದೆ. ವಿನೆಗರ್‌ನಲ್ಲಿ ನೆನೆಸಿ ಎಂದು ಯಾರಾದರೂ ಹೇಳಿದರೆ ಕೇಳಬೇಡಿ, ಹಲ್ಲೇ ಕರಗುತ್ತದೆ. ಅಳತೆಪಟ್ಟಿ ಇಟ್ಟು ನಾಲ್ಕು ಕಡೆಯಿಂದ ಫೋಟೊ ತೆಗೆಯಿರಿ. ನದಿಯಲ್ಲಿ ಎಲ್ಲಿ ಜರಡಿ ಹಿಡಿದಿದ್ದಿರಿ ಎಂಬುದನ್ನು ಫೋನಿನ ನಕ್ಷೆಯಿಂದ ಗುರುತಿಸಿ ಬರೆದಿಡಿ. ಗೇನ್ಸ್‌ವಿಲ್‌ನ ಫ್ಲೋರಿಡಾ ನೈಸರ್ಗಿಕ ಇತಿಹಾಸ ಮ್ಯೂಸಿಯಂಗೆ ಕಳಿಸಿದರೆ ಅಲ್ಲಿನವರು ತಮ್ಮ ಸಂಗ್ರಹದ ಜೊತೆ ಹೋಲಿಸಿ ನೋಡಬಲ್ಲರು. ಅಳತೆಯಿಂದ ಜಾತಿ ಸ್ವಲ್ಪ ಹತ್ತಿರಕ್ಕೆ ಬರಬಹುದು.

ಮಗಳ ಪ್ರಾಜೆಕ್ಟ್‌ಗೆ ಈ ಹಲ್ಲಿನ ಕೆಳಗೆ "ಮೆಗಲೋನಿಕ್ಸ್ ಇರಬಹುದು, ಪೀಸ್ ನದಿಯ ಜಲ್ಲಿ, ಪದರ ಗೊತ್ತಿಲ್ಲ, 50 ಲಕ್ಷ ವರ್ಷದಿಂದ 11 ಸಾವಿರ ವರ್ಷದೊಳಗೆ" ಎಂದು ಬರೆಯಲಿ. ಇಷ್ಟು ಅಗಲದ ಉತ್ತರಕ್ಕೆ ಟೀಚರ್ ಹುಬ್ಬೇರಿಸಿದರೆ ನ್ಯಾಚೆಜ್ ಕಥೆ ಹೇಳಲಿ.

ಇನ್ನೊಂದು ವಿಷಯ, ನೀವು ಕೇಳಿಲ್ಲ, ಆದರೂ ಹೇಳಬೇಕು. ಫ್ಲೋರಿಡಾದಲ್ಲಿ ಸರ್ಕಾರಿ ನೆಲದಲ್ಲಿ, ನದಿಯ ತಳವೂ ಸೇರಿ, ಬೆನ್ನೆಲುಬಿನ ಪ್ರಾಣಿಗಳ ಪಳೆಯುಳಿಕೆ ಆಯಲು ಪರ್ಮಿಟ್ ಬೇಕು. ಶಾರ್ಕ್ ಹಲ್ಲಿಗೆ ಬೇಡ, ಸ್ಲಾತ್ ಹಲ್ಲಿಗೆ ಬೇಕು. ಪರ್ಮಿಟ್ ಕೊಡುವುದು ಅದೇ ಮ್ಯೂಸಿಯಂ. ಸಿಕ್ಕಿದ್ದರ ಪಟ್ಟಿಯನ್ನು ಅವರಿಗೆ ಕೊಡಬೇಕು, ಅವರು ಬೇಕೆಂದು ಕೇಳದಿದ್ದರೆ ಅದು ನಿಮ್ಮದೇ. ಪರ್ಮಿಟ್ ಇಲ್ಲದೆ ಹೋಗಿದ್ದರೆ ಹಲ್ಲನ್ನು ಕಳಿಸುವಾಗ ಆ ವಿಷಯವನ್ನೂ ಅವರಿಗೆ ನೇರವಾಗಿ ಬರೆಯಿರಿ, ಮುಂದಿನ ಸಲಕ್ಕೆ ಮೊದಲೇ ಮಾಡಿಸಿಕೊಳ್ಳಿ. ಬಾಣದ ಮೊನೆಯಂಥ ಮನುಷ್ಯ ಮಾಡಿದ ವಸ್ತು ಕಂಡರೆ ಮುಟ್ಟಬೇಡಿ, ಅದಕ್ಕೆ ಈ ಪರ್ಮಿಟ್ ನಡೆಯುವುದಿಲ್ಲ. ದಂಡೆಯ ಮಣ್ಣಿನಲ್ಲಿ ಯಾವುದಾದರೂ ಮೂಳೆ ಅರ್ಧ ಹುದುಗಿರುವುದು ಕಂಡರೆ ಅದನ್ನು ಕೀಳಬೇಡಿ, ಫೋಟೊ ತೆಗೆದು ಮ್ಯೂಸಿಯಂಗೆ ಕಳಿಸಿ.